ಗಡ್ಡದ ಮೇಲೆ ಗಾಳಿ ಮಾಸ್ಕ್

ಬೆಳ್ತಂಗಡಿಯಲ್ಲಿ ನನ್ನದೊಂದು ಪೈಪು, ಪಂಪುಗಳ ಅಂಗಡಿ. ನೀರು ಎಲ್ಲಿ ಸೋರುತ್ತದೆ ಎಂದು ಗಿರಾಕಿ ಬಾಯಲ್ಲಿ ಹೇಳಿದರೆ ಸಾಕು, ಯಾವ ವಾಷರ್ ಹಾಕಬೇಕು, ಎಲ್ಲಿ ಟೇಪು ಸುತ್ತಬೇಕು ಎಂದು ಕುಳಿತಲ್ಲಿಂದಲೇ ಹೇಳಬಲ್ಲೆ. ಇಂಥ ನನಗೆ ನನ್ನ ಮುಖವೇ ಸೋರತೊಡಗಿದಾಗ ಏನು ಮಾಡಬೇಕೆಂದು ತಿಳಿಯಲಿಲ್ಲ. ಸೋರುತ್ತಿದ್ದದ್ದು ನೀರಲ್ಲ, ಗಾಳಿ.

ಗೊರಕೆ ನನಗೆ ಮೊದಲಿನಿಂದಲೂ ಇತ್ತು. ಲಾಯಿಲದ ನಮ್ಮ ಮನೆಯಲ್ಲಿ ಅದನ್ನು ಯಾರೂ ಕಾಯಿಲೆಯೆಂದು ಎಣಿಸಿರಲಿಲ್ಲ. ಈ ಸದ್ದಿಗೆ ಕಳ್ಳರು ಹತ್ತಿರ ಸುಳಿಯುವುದಿಲ್ಲ ಎಂದು ಅಮ್ಮನಿಗೆ ಒಳಗೊಳಗೆ ಸಮಾಧಾನವೇ ಇತ್ತು. ಹಗಲು ನಿದ್ದೆ ಸುರುವಾದದ್ದು ಆಮೇಲೆ. ಅಂಗಡಿಯಲ್ಲಿ ಕುಳಿತಲ್ಲೇ ತೂಕಡಿಸುತ್ತಿದ್ದೆ. ಗಿರಾಕಿಗಳು ಪೈಪಿನ ತಿರುವಿಗೆ ಬೇಕಾದ ಎಲ್ಬೋವನ್ನು ತಾವೇ ಹುಡುಕಿಕೊಂಡು, "ಏಳ್ಬೇಡಿ, ಏಳ್ಬೇಡಿ, ಹಣ ಇಲ್ಲಿಟ್ಟಿದ್ದೇನೆ" ಎಂದು ಹೇಳಿ ಹೋಗುತ್ತಿದ್ದರು. ಊರವರ ಪ್ರಾಮಾಣಿಕತೆಯನ್ನೇ ನಂಬಿ ವ್ಯಾಪಾರ ಮಾಡಿದ ಅಂಗಡಿ ಈ ತಾಲೂಕಿನಲ್ಲಿ ಇನ್ನೊಂದು ಇರಲಿಕ್ಕಿಲ್ಲ.

ಮದುವೆಯಾಗಿ ಬಹಳ ವರ್ಷಗಳ ಮೇಲೆ ಹೆಂಡತಿ ಬಸುರಿಯಾಗಿದ್ದಳು. ಅವಳು ಬಂಟ್ವಾಳದ ಕಡೆ ಒಂದು ಶಾಲೆಯಲ್ಲಿ ಟೀಚರು. ತಪಾಸಣೆಯ ದಿನ ಅವಳು ಶಾಲೆಯಿಂದ ಬಿ.ಸಿ.ರೋಡಿಗೆ ಬಂದು ನಿಲ್ಲುವುದು, ನಾನು ಬೆಳ್ತಂಗಡಿಯಿಂದ ಬಸ್ಸಿನಲ್ಲಿ ಬಂದು ಅಲ್ಲಿ ಇಳಿಯುವುದು ಎಂದು ಮಾತಾಗಿತ್ತು. ನಾನು ಬಸ್ಸಿನಲ್ಲಿ ಕುಳಿತದ್ದು ನೆನಪಿದೆ. ಕಣ್ಣು ಬಿಟ್ಟಾಗ ಬಸ್ಸು ಬಿ.ಸಿ.ರೋಡು ದಾಟಿ ಮಂಗಳೂರಿನಲ್ಲಿತ್ತು, ಕಿಸೆಯಲ್ಲಿ ಫೋನು ಬೊಬ್ಬೆ ಹಾಕುತ್ತಿತ್ತು. ಬಿಸಿಲಿನಲ್ಲಿ ಹೊಟ್ಟೆ ಹಿಡಿದುಕೊಂಡು ನಿಂತಿದ್ದ ಅವಳು ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. "ನನಗೆ ನೋವು ಬಂದ ದಿನ ನೀವು ಎಲ್ಲಿ ಇಳೀತೀರಿ ಮಾರಾಯ್ರೆ?" ಎಂದು ಮೆಲ್ಲಗೆ ಕೇಳಿದಳು. ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು.

ಆಸ್ಪತ್ರೆಗೆ ಹೋದೆ. ಮೈತುಂಬ ವಯರು ಅಂಟಿಸಿ ಮಲಗಿಸಿದರು. ನಿದ್ದೆಯಲ್ಲಿ ನನ್ನ ಗಂಟಲು ಮುಚ್ಚಿಕೊಳ್ಳುತ್ತದೆ, ಉಸಿರು ಮತ್ತೆ ಮತ್ತೆ ನಿಲ್ಲುತ್ತದೆ, ಹೀಗೆಯೇ ಬಿಟ್ಟರೆ ಹೃದಯಕ್ಕೆ ಅಪಾಯ ಎಂದು ಡಾಕ್ಟರಮ್ಮ ಹೇಳಿದರು. ಮಲಗುವಾಗ ಹಾಕಿಕೊಳ್ಳಲು ಸಿಪ್ಯಾಪ್ ಎಂಬ ಯಂತ್ರ ಬರೆದುಕೊಟ್ಟರು. ಒಂದು ಸಣ್ಣ ಪೆಟ್ಟಿಗೆ, ಅದರಿಂದ ಒಂದು ಪೈಪು, ಪೈಪಿನ ತುದಿಯಲ್ಲಿ ಮೂಗುಬಾಯಿ ಎರಡನ್ನೂ ಮುಚ್ಚುವ ಮಾಸ್ಕು. ಪೆಟ್ಟಿಗೆ ಗಾಳಿ ಊದುತ್ತದೆ, ಗಂಟಲು ತೆರೆದೇ ಇರುತ್ತದೆ. ಪಂಪು, ಪೈಪು, ಪ್ರೆಶರು. ಇದು ನಮ್ಮದೇ ಲೈನಿನ ವಿಷಯವಲ್ಲವೇ ಎಂದು ನನಗೆ ಧೈರ್ಯ ಬಂತು.

ಧೈರ್ಯಕ್ಕೆ ಅಡ್ಡ ನಿಂತದ್ದು ಗಡ್ಡ. ಬಸುರಿಯ ಗಂಡ ತೆಂಗಿನಕಾಯಿ ಒಡೆಯಬಾರದು, ಹಾವು ಕೊಲ್ಲಬಾರದು, ಮುಖಕ್ಕೆ ಕತ್ತಿ ತಾಗಿಸಬಾರದು ಎಂದು ಅಮ್ಮನ ಕಟ್ಟಪ್ಪಣೆಯಾಗಿತ್ತು. ಮೊದಲಿನೆರಡು ಸುಲಭ. ಕಾಯಿ ಒಡೆಯಲು ಪಕ್ಕದ ಮನೆಯವರಿದ್ದರು, ಹಾವು ಕಂಡರೆ ನಾನು ಹೇಗೂ ಓಡುವವನೇ. ಮೂರನೆಯದು ಮುಖದ ಮೇಲೆ ದಿನದಿನಕ್ಕೆ ಬೆಳೆಯುತ್ತಿತ್ತು. ಕತ್ತಿ ತಾಗಿದರೆ ಮಗುವಿನ ತುಟಿ ಸೀಳಿರುತ್ತದೆ, ಕಿವಿ ಕುಂದಿರುತ್ತದೆ ಎಂದು ಅಮ್ಮ ನಂಬಿದ್ದಳು. ನಾನು ನಂಬಿರಲಿಲ್ಲ. ಆದರೆ ಅಷ್ಟು ವರ್ಷ ಕಾದು ಬಂದ ಮಗುವಿನ ಮೇಲೆ ನನ್ನ ವಿಚಾರವಾದವನ್ನು ಪರೀಕ್ಷಿಸಿ ನೋಡುವ ಧೈರ್ಯವೂ ಇರಲಿಲ್ಲ.

ಯಂತ್ರ ತೋರಿಸಿಕೊಡಲು ಮನೆಗೆ ಬಂದವರು ಮಾಸ್ಕನ್ನು ನನ್ನ ಮುಖಕ್ಕೆ ಹಿಡಿದು ನೋಡಿ, "ಗಡ್ಡ ತೆಗೀಬೇಕು ಸರ್. ಮೀಸೆ ಒಳಗೇ ಕೂತ್ಕೊಳ್ತದೆ, ಅದಕ್ಕೆ ತೊಂದರೆ ಇಲ್ಲ. ಗಡ್ಡದ ಸಂದಿಯಲ್ಲಿ ಗಾಳಿ ಹೋಗ್ತದೆ" ಎಂದರು.

"ಮಗು ಹುಟ್ಟಿದ ಮೇಲೆ ಬರ್ಲಿಕ್ಕೆ ಹೇಳು ಅವರಿಗೆ" ಎಂದು ಅಡುಗೆಮನೆಯಿಂದ ಅಮ್ಮನ ಮಾತು ಬಂತು. ನಮ್ಮ ಮನೆಮಾತು ತುಳು. ಅಮ್ಮನ ಮಾತು ಕನ್ನಡಕ್ಕೆ ಬರುವಾಗ ಖಾರ ಸ್ವಲ್ಪ ಕಡಿಮೆಯಾಗುತ್ತದೆ, ಓದುವವರು ಸೇರಿಸಿಕೊಳ್ಳಬೇಕು.

ನನ್ನ ಗಡ್ಡ ತೆಂಗಿನ ನಾರಿನ ಜಾತಿಯದು. ಮಾಸ್ಕು ಕಟ್ಟಿಕೊಂಡು ಮಲಗಿದರೆ ಕೆನ್ನೆಯ ಸಂದಿಯಿಂದ ಗಾಳಿ ನುಗ್ಗಿ ಸೀಟಿ ಹೊಡೆಯುತ್ತಿತ್ತು. ಪಟ್ಟಿ ಬಿಗಿದರೆ ಸೀಟಿ ನಿಂತು ಕಣ್ಣಿಗೆ ಗಾಳಿ. ಇನ್ನೂ ಬಿಗಿದರೆ ಬೆಳಿಗ್ಗೆ ಮೂಗಿನ ಮೇಲೆ ಗಾಯ. "ಮೊದಲು ಗೊರಕೆ ಒಂದೇ ಇತ್ತು, ಈಗ ಗೊರಕೆಯೂ ಉಂಟು, ಸೀಟಿಯೂ ಉಂಟು" ಎಂದು ಹೆಂಡತಿ ಹಾಸಿಗೆಯಲ್ಲಿ ಎದ್ದು ಕೂರುತ್ತಿದ್ದಳು. ಪೈಪಿನ ಸೋರಿಕೆಗೆ ಸುತ್ತುವ ಟೆಫ್ಲಾನ್ ಟೇಪನ್ನು ಗಡ್ಡದ ಸುತ್ತ ಸುತ್ತಿದರೆ ಹೇಗೆ ಎಂದು ಕೇಳಿದೆ. ಅವಳು ಟೇಪಿನ ಉರುಳೆಯನ್ನೇ ಬಚ್ಚಿಟ್ಟಳು.

ಗಡ್ಡ ಮೆತ್ತಗಾದರೆ ಮಾಸ್ಕು ಸರಿಯಾಗಿ ಕೂರಬಹುದು ಎಂದು ಅಮ್ಮನಿಗೆ ಹೊಳೆಯಿತು. ನಮ್ಮ ಊರಿನಲ್ಲಿ ಯಾವ ರೋಗಕ್ಕೂ ಮೊದಲ ಮದ್ದು ತೆಂಗಿನೆಣ್ಣೆ. ದಾಸವಾಳದ ಎಲೆ ಹಾಕಿ ಕಾಯಿಸಿ, ಧಾರಾಳವಾಗಿ ಗಡ್ಡಕ್ಕೆ ತಿಕ್ಕಿದಳು. ಮಾಸ್ಕು ನಿಂತಲ್ಲಿ ನಿಲ್ಲದೆ ಜಾರುತ್ತಾ ಹೋಗಿ, ಬೆಳಿಗ್ಗೆ ಎದ್ದಾಗ ನನ್ನ ಎಡಗಿವಿಗೆ ಗಾಳಿ ಹಾಕುತ್ತಿತ್ತು. ಅಂಚಿನ ರಬ್ಬರು ಎಣ್ಣೆ ಕುಡಿದು ಗೋಳಿಬಜೆಯ ಹಾಗೆ ಉಬ್ಬಿಕೊಂಡಿತ್ತು. ಮುಖಕ್ಕೆ ಏನಾದರೂ ಹಚ್ಚಿದ್ದೀರಾ ಎಂದು ಯಂತ್ರದವರು ಫೋನಿನಲ್ಲಿ ಕೇಳಿದಾಗ ನಾನು ಪ್ರಾಮಾಣಿಕವಾಗಿಯೇ ಏನೂ ಇಲ್ಲ ಎಂದೆ. ತೆಂಗಿನೆಣ್ಣೆಯನ್ನು ಹಚ್ಚಿದ್ದು ಎಂದು ನಮ್ಮಲ್ಲಿ ಯಾರು ಎಣಿಸುತ್ತಾರೆ?

ಕೊನೆಗೆ ಅವರು ಇನ್ನೊಂದು ಬಗೆಯ ಮಾಸ್ಕು ಕಳಿಸಿದರು. ಅದಕ್ಕೆ ಗಡ್ಡದ ಹಂಗಿಲ್ಲ. ಎರಡು ಸಣ್ಣ ಬಿಳಿ ಬಿರಡೆಗಳು ಮೂಗಿನ ಹೊಳ್ಳೆಗಳಲ್ಲಿ ಕೂರುತ್ತವೆ, ಅಷ್ಟೇ. ಸೋರಿಕೆ ನಿಂತಿತು. ಆದರೆ ನಿದ್ದೆ ಹತ್ತಿದೊಡನೆ ನನ್ನ ಬಾಯಿ ತೆರೆದುಕೊಳ್ಳುತ್ತದೆ, ಮೂಗಿನಿಂದ ಹೊಕ್ಕ ಗಾಳಿಯೆಲ್ಲ ಬಾಯಿಯಿಂದ ಹೊರಗೆ. ಮೇಲಿನ ವಾಲ್ವು ಸರಿಮಾಡಿದರೆ ಕೆಳಗಿನದು ಬಿಟ್ಟುಕೊಂಡಂತಾಯಿತು. ಗಲ್ಲ ಕೆಳಗೆ ಬೀಳದಂತೆ ತಲೆಯ ಸುತ್ತ ಕಟ್ಟುವ ಪಟ್ಟಿ ಸಿಗುತ್ತದೆ, ತರಿಸಿಕೊಡುತ್ತೇವೆ ಎಂದರು. ಕಾಯುವ ಜಾಯಮಾನ ನನ್ನದಲ್ಲ. ಒಂದು ಪಟ್ಟಿಗೆ ಇಷ್ಟು ದೊಡ್ಡ ಕತೆಯೇ ಎಂದು ಹಳೆಯ ಬಿಳಿ ಪಂಚೆಯ ಅಂಚು ಹರಿದೆ.

ಅದೊಂದು ಭಾನುವಾರ. ಹೆಂಡತಿ ಮೂಡುಬಿದಿರೆಗೆ ಮದುವೆಯೂಟಕ್ಕೆ ಹೋಗಿದ್ದಳು. ಅಮ್ಮ ಹಿತ್ತಲಲ್ಲಿದ್ದಳು. ಊಟ ಮಾಡಿ ಬಂದು ಮೂಗಿಗೆ ಬಿರಡೆ ಸಿಕ್ಕಿಸಿದೆ. ಪಂಚೆಯ ಪಟ್ಟಿಯನ್ನು ಗಲ್ಲದ ಅಡಿಯಿಂದ ತಂದು ನೆತ್ತಿಯ ಮೇಲೆ ಗಂಟು ಹಾಕಿದೆ. ಪೈಪು ಎಳೆಯದಿರಲೆಂದು ಅದನ್ನು ದಿಂಬಿನ ಹಿಂದೆ ತೂರಿಸಿ, ಅಂಗಾತ ನೆಟ್ಟಗೆ ಮಲಗಿ ಎದೆಯ ಮೇಲೆ ಕೈ ಜೋಡಿಸಿಕೊಂಡೆ. ಎಷ್ಟೋ ವರ್ಷಗಳಲ್ಲಿ ಮಾಡದಂಥ ನಿದ್ದೆ ಬಂತು. ಗೊರಕೆಯ ಸುದ್ದಿಯೇ ಇಲ್ಲ.

ಎಚ್ಚರವಾದದ್ದು ಬೊಬ್ಬೆಗೆ. ಅಮ್ಮ ನನ್ನ ಕಾಲು ಹಿಡಿದುಕೊಂಡು ಎದೆ ಬಡಿದುಕೊಳ್ಳುತ್ತಿದ್ದಳು. ಬಾಗಿಲಲ್ಲಿ ಪಕ್ಕದ ಮನೆಯ ರಿಟೈರ್ಡ್ ಮಾಸ್ಟ್ರು ಚಪ್ಪಲಿ ಬಿಟ್ಟು, ಕೈಮುಗಿದು ನಿಂತಿದ್ದರು.

"ತುಂಬಾ ಒಳ್ಳೆ ಜನ" ಎನ್ನುತ್ತಿದ್ದರು ಮಾಸ್ಟ್ರು. "ಬಿಲ್ಲಲ್ಲಿ ಸ್ವಲ್ಪ ಹೆಚ್ಚು ಹಾಕ್ತಿದ್ದ, ಆದ್ರೂ ಒಳ್ಳೆ ಜನ."

"ಯಾವ ಬಿಲ್ಲಲ್ಲಿ ಮಾಸ್ಟ್ರೇ?" ಎಂದು ಕೇಳುತ್ತಾ ನಾನು ಎದ್ದು ಕುಳಿತೆ. ಗಲ್ಲ ಕಟ್ಟಿದ್ದರಿಂದ ಮಾತು ಹೊರಡದೆ ಬರೀ ಒಂದು ಹೂಂಕಾರ ಬಂತು. ಮಾಸ್ಟ್ರು ಚಪ್ಪಲಿ ಅಲ್ಲಿಯೇ ಬಿಟ್ಟು ಅಂಗಳ ದಾಟಿದರು.

ಅಮ್ಮನನ್ನು ದೂರುವಂತಿರಲಿಲ್ಲ. ಎದುರಿನ ಕನ್ನಡಿಯಲ್ಲಿ ನಾನೂ ನೋಡಿಕೊಂಡೆ. ಮೂಗಿನಲ್ಲಿ ಹತ್ತಿ ತುರುಕಿದಂತೆ ಎರಡು ಬಿಳಿ ಬಿರಡೆ, ಗಲ್ಲಕ್ಕೆ ಬಿಳಿ ಬಟ್ಟೆ, ನೆತ್ತಿಯ ಮೇಲೆ ಗಂಟು. ನಮ್ಮಲ್ಲಿ ಯಾರನ್ನು ಹೀಗೆ ಕಟ್ಟಿ ಮಲಗಿಸುತ್ತಾರೆ ಎಂದು ಸಣ್ಣ ಮಕ್ಕಳಿಗೂ ಗೊತ್ತು. ಸಾಲದ್ದಕ್ಕೆ ಗೊರಕೆಯೂ ಇಲ್ಲ. ನನ್ನ ಗೊರಕೆ ಕೇಳದ ಮಧ್ಯಾಹ್ನವನ್ನು ಅಮ್ಮ ಅದುವರೆಗೆ ಕಂಡವಳೇ ಅಲ್ಲ.

ಅಮ್ಮ ನನಗೆ ಎರಡು ಬಾರಿಸಿದಳು. ನಾನು ನಕ್ಕೆ. ಅವಳು ನಗಲಿಲ್ಲ. ಆ ಬಿಳಿ ಪಟ್ಟಿಯನ್ನು ತೆಗೆದುಕೊಂಡು ಹೋಗಿ ಬಚ್ಚಲ ಒಲೆಗೆ ಹಾಕಿದಳು. ಸಂಜೆಯವರೆಗೆ ಜಗಲಿಯಿಂದ ಏಳಲಿಲ್ಲ, ಚಹಾ ಕೊಟ್ಟರೆ ಮುಟ್ಟಲಿಲ್ಲ.

ಹೆಂಡತಿ ಬಂದು, ನಡೆದದ್ದನ್ನು ಕೇಳಿ, ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ ಅಮ್ಮ ಒಳಗೆ ಬಂದಳು. ಒಂದು ಕೈಯಲ್ಲಿ ಬಿಸಿನೀರಿನ ತಂಬಿಗೆ, ಇನ್ನೊಂದರಲ್ಲಿ ಕತ್ತರಿ ಮತ್ತು ನನ್ನ ರೇಜರು.

"ಕೂತ್ಕೋ" ಎಂದಳು.

"ಅತ್ತೆ, ಹೆರಿಗೆಯವರೆಗೆ ಕತ್ತಿ ತಾಗಿಸಬಾರದು ಅಂತ ನೀವೇ ಹೇಳಿದ್ದಲ್ವಾ?" ಎಂದಳು ಹೆಂಡತಿ. ಅವಳ ನಗು ನಿಂತಿತ್ತು.

"ಇವನು ತೆಗೀಬಾರದು, ಇವನು ತೆಗೆಸಬಾರದು. ನಾನು ನನ್ನಷ್ಟಕ್ಕೆ ತೆಗೀತೇನೆ. ದೋಷ ಉಂಟಾದ್ರೆ ಅದು ನನಗೆ ಬರ್ಲಿ, ಮಗುವಿಗೆ ಬೇಡ" ಎಂದಳು ಅಮ್ಮ. ಆಮೇಲೆ ತಂಬಿಗೆಯನ್ನು ಕೆಳಗಿಟ್ಟು ಸೊಸೆಯ ಕಡೆ ತಿರುಗಿ, "ನಿನ್ನ ಮಾವನೂ ಹೀಗೇ ಗೊರಕೆ ಹೊಡೆದು ಮಲಗಿದವರು ಬೆಳಿಗ್ಗೆ ಏಳಲಿಲ್ಲ. ಅವರ ಗಲ್ಲ ಕಟ್ಟಿದ್ದು ನಾನೇ. ಇನ್ನೊಮ್ಮೆ ನನಗೆ ಅದನ್ನು ನೋಡ್ಲಿಕ್ಕೆ ಆಗುದಿಲ್ಲ ಮಗಾ" ಎಂದಳು.

ನಾನು ಕುಳಿತು ಮುಖ ಮೇಲೆತ್ತಿದೆ. ಜೀವಮಾನದಲ್ಲಿ ಯಾರ ಗಡ್ಡವನ್ನೂ ತೆಗೆಯದ ಅಮ್ಮ ಕಾಯಿಪಲ್ಲೆ ಹೆಚ್ಚುವ ಗಾಂಭೀರ್ಯದಿಂದ ಕೆಲಸಕ್ಕಿಳಿದಳು. ಮೂರು ಕಡೆ ಗಾಯವಾಯಿತು. ಮೀಸೆಗೆ ಕೈ ಹಾಕುವಾಗ, "ಅದು ಒಳಗೇ ಕೂತ್ಕೊಳ್ತದಂತೆ ಅತ್ತೆ" ಎಂದು ಹೆಂಡತಿ ಅದನ್ನೊಂದು ಉಳಿಸಿಕೊಟ್ಟಳು. ಹೊಸ ರಬ್ಬರು ಹಾಕಿದ ಮೊದಲಿನ ಮಾಸ್ಕು ನುಣುಪು ಕೆನ್ನೆಯ ಮೇಲೆ ಸರಿಯಾಗಿ ಕೂತಿತು. ಒಂದು ಹನಿ ಗಾಳಿ ಸೋರಲಿಲ್ಲ. ಹಗಲಿನ ತೂಕಡಿಕೆ ಕ್ರಮೇಣ ಬಿಟ್ಟಿತು. ಗಿರಾಕಿಗಳಿಗೆ ಮಾತ್ರ ಸ್ವಲ್ಪ ಬೇಸರವಾಗಿರಬೇಕು.

ನೋವು ಬಂದ ದಿನ ನಾನು ಸಂಪೂರ್ಣ ಎಚ್ಚರವಾಗಿದ್ದೆ. ನಿದ್ದೆಯ ಹೆದರಿಕೆಗೆ ಅಷ್ಟು ದಿನ ಮುಟ್ಟದಿದ್ದ ಕಾರನ್ನು ಮೂಡುಬಿದಿರೆಯ ಆಸ್ಪತ್ರೆಗೆ ನಾನೇ ಬಿಟ್ಟುಕೊಂಡು ಹೋದೆ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ತಂದುಕೊಟ್ಟಾಗ ಮೂಗು ಯಾರದ್ದು, ಬಣ್ಣ ಯಾರದ್ದು ಎಂದು ಎಲ್ಲರೂ ಬಗ್ಗಿ ನೋಡುತ್ತಿದ್ದರು. ಅಮ್ಮ ಮಾತ್ರ ಬಟ್ಟೆ ಬಿಡಿಸಿದಳು. ತುಟಿಯನ್ನು ನೋಡಿದಳು. ಎರಡೂ ಕಿವಿಗಳನ್ನು ಮುಟ್ಟಿದಳು. ಮುಚ್ಚಿಕೊಂಡಿದ್ದ ಮುಷ್ಟಿಗಳನ್ನು ಬಿಡಿಸಿ ಬೆರಳುಗಳನ್ನು ಒಂದೊಂದಾಗಿ ಸವರಿದಳು. "ಎಲ್ಲ ಸರಿ ಉಂಟು" ಎಂದವಳು ಅಲ್ಲೇ ಬೆಂಚಿನ ಮೇಲೆ ಕುಳಿತು ಅತ್ತುಬಿಟ್ಟಳು. ಗಡ್ಡ ತೆಗೆದಂದಿನಿಂದ ಅಮ್ಮ ಒಂದು ರಾತ್ರಿಯೂ ನೆಟ್ಟಗೆ ಮಲಗಿರಲಿಲ್ಲ ಎಂದು ಹೆಂಡತಿ ನನಗೆ ಹೇಳಿದ್ದು ಆಮೇಲೆ. ಅಷ್ಟು ದಿನವೂ ನಾನು ಪಕ್ಕದ ಕೋಣೆಯಲ್ಲಿ ಮಾಸ್ಕು ಹಾಕಿಕೊಂಡು ಸುಖವಾಗಿ ನಿದ್ದೆ ಮಾಡಿದ್ದೆ.