ಮೂರು ತೂತಿನ ಆಟೋ

ಹೋದ ವಾರ ನಾನೊಂದು ಆಟೋ ಡಿಸೈನ್ ಮಾಡಿದೆ. ಅದು ಹೊರಡಲೇ ಇಲ್ಲ.

ಎಂಜಿನ್ ಕೆಟ್ಟಿತ್ತಾ? ಎಂಜಿನ್ನೇ ಇರಲಿಲ್ಲ. ಪೆಟ್ರೋಲ್? ಬೇಕಾಗಿಯೇ ಇರಲಿಲ್ಲ. ಬೆರಳಲ್ಲಿ ತಳ್ಳಿದರೆ ಗೋಡೆವರೆಗೂ ಓಡುವ ಮರದ ಆಟೋ. ಆದರೂ ಮೂರು-ನಾಲ್ಕು ವರ್ಷದ ಹದಿಮೂರು ಮಕ್ಕಳು ಅದರ ಸುತ್ತ ಕೂತು, ಒಬ್ಬರೂ ತಳ್ಳದೆ, ಸುಮ್ಮನೆ ಕಾಯುತ್ತಿದ್ದರು. ಏನಕ್ಕೆ ಕಾಯುತ್ತಿದ್ದರು ಅಂತ ಹೇಳುವ ಮೊದಲು, ನಾನು ಈ ಉಸಾಬರಿಗೆ ಯಾಕೆ ಹೋದೆ ಅಂತ ಹೇಳಬೇಕು.

ನಿಮಗೆ ಗೊತ್ತೇ ಇದೆ, ನನ್ನ ಹೊಟ್ಟೆಪಾಡು ಡ್ರಾಯಿಂಗ್. ಹೊಸಪೇಟೆಯ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ಕೂತು, ಸಂಡೂರಿನ ಗಣಿಗಳಿಗೆ ಹೋಗುವ ಕನ್ವೇಯರ್ ರೋಲರುಗಳ ನಕ್ಷೆ ಬರೆಯುವವನು. ಇಪ್ಪತ್ತೆರಡು ವರ್ಷದಿಂದ ಮಿಲಿಮೀಟರಿನಲ್ಲೇ ಯೋಚನೆ ಮಾಡಿ ಮಾಡಿ, ಮನೆಯಲ್ಲಿ ದೋಸೆ ದಪ್ಪ ಆದರೂ ‘ಎರಡು ಎಂಎಂ ಜಾಸ್ತಿ ಆಗಿದೆ’ ಅನ್ನುತ್ತೇನೆ. (ಅದಕ್ಕೆ ಹೆಂಡತಿ ಕೊಡುವ ಉತ್ತರ ಪತ್ರಿಕೆಯಲ್ಲಿ ಅಚ್ಚು ಹಾಕುವಂಥದ್ದಲ್ಲ.)

ನನ್ನ ಚಿಕ್ಕಮ್ಮನ ಮಗಳು ಶಾಂತಾ ಕಂಪ್ಲಿ ಹತ್ತಿರದ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರ್. ಅವರಿಗೆ ವರ್ಷಕ್ಕೊಂದು ಸಲ ಆಟಿಕೆ ಮೇಳ. ಪ್ರತಿ ಟೀಚರೂ ಮಕ್ಕಳಿಗೆ ಏನಾದರೂ ಕಲಿಸುವಂಥ ಸರಳ ಆಟಿಕೆಯೊಂದನ್ನು ತಯಾರು ಮಾಡಬೇಕು. ಸೂಪರ್‌ವೈಸರ್ ಮೇಡಂ ಬಂದು, ಮಕ್ಕಳು ಆಡುವುದನ್ನು ನೋಡಿ ಒಪ್ಪಿದರೆ ಅದು ಹೊಸಪೇಟೆಯ ಮೇಳಕ್ಕೆ ಹೋಗುತ್ತದೆ.

ಹೋದ ವರ್ಷ ಶಾಂತಾ ಹಳೇ ಕರಿ ಕಂಬಳಿ ಕತ್ತರಿಸಿ ಕರಡಿ ಮಾಡಿದ್ದಳು. ಒಳಗೆ ಕೈ ತೂರಿಸಿದರೆ ಬಾಯಿ ತೆಗೆಯುವ ಕರಡಿ. ಬೇರೆ ಊರಾಗಿದ್ದರೆ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರೇನೋ. ಆದರೆ ಇವು ದರೋಜಿ ಕರಡಿಧಾಮದ ಮಗ್ಗುಲಿನ ಮಕ್ಕಳು. ಕರಡಿ ಕಂಡರೆ ಏನು ಮಾಡಬೇಕು ಅಂತ ಮನೆಯಲ್ಲಿ ಮೊದಲೇ ಕಲಿಸಿರುತ್ತಾರೆ. ಓಡಬೇಕು. ಓಡಿದರು. ಮೇಡಂ ಒಳಗೆ ಬಂದಾಗ ಅಲ್ಲಿದ್ದದ್ದು ಇಬ್ಬರೇ, ಶಾಂತಾ ಮತ್ತು ಕರಡಿ. ಅಲ್ಲಿಂದ ಮೀಟಿಂಗುಗಳಲ್ಲಿ ಅವಳಿಗೆ ‘ಕರಡಿ ಟೀಚರ್’ ಅಂತಲೇ ಹೆಸರು.

“ಅಣ್ಣಾ, ಈ ಸಲಾನೂ ಮಂದಿ ನಕ್ರ ನಾ ಮೀಟಿಂಗಿಗೆ ಮುಖ ತೋರ್ಸಂಗಿಲ್ಲ ನೋಡು,” ಅಂತ ಫೋನಿನಲ್ಲಿ ಅಳುವ ಹಾಗೆ ಹೇಳಿದಳು. “ನೀ ಅಷ್ಟು ದೊಡ್ಡ ದೊಡ್ಡ ಮಷೀನು ಬರೀತಿ. ನನಗೊಂದು ಸಣ್ಣ ಆಟಿಕಿ ಬರ್ಕೊಡು.”

“ಇಷ್ಟೇ ಏನು? ಮೇಡಂ ಎದ್ದು ನಿಂತು ಚಪ್ಪಾಳಿ ಹೊಡಿಬೇಕು, ಅಂಥಾದ್ದು ಮಾಡಿಕೊಡ್ತೀನಿ ಬಿಡು,” ಅಂದೆ. (ನನ್ನ ಬಾಯಿಗೆ ಬ್ರೇಕ್ ಡಿಸೈನ್ ಮಾಡಿದವರು ಇನ್ನೂ ಹುಟ್ಟಿಲ್ಲ.)

ಹಂಪಿಯ ಕಲ್ಲಿನ ರಥ ಮಾಡೋಣವಾ ಅಂತ ಕೇಳಿದೆ. “ಬ್ಯಾಡಣ್ಣಾ, ಹೋದ ವರ್ಷ ಹನ್ನೊಂದು ರಥ ಬಂದಿದ್ವು, ಇಡಾಕ ಟೇಬಲ್ ಸಾಲಲಿಲ್ಲ,” ಅಂದಳು. ಸರಿ, ಮಕ್ಕಳು ದಿನಾ ನೋಡುವಂಥದ್ದು ಯಾವುದು? ಆಟೋ! ನನಗೆ ಖುಷಿ ತಡೆಯಲಾಗಲಿಲ್ಲ. ಆಫೀಸಿನ ಕಂಪ್ಯೂಟರಿನಲ್ಲೇ ಊಟದ ಹೊತ್ತಿಗೆ ಡ್ರಾಯಿಂಗ್ ಶುರು ಮಾಡಿದೆ. ಒಂದೂವರೆ ಅಡಿ ಉದ್ದ. ಕೈಗೆ ಚುಚ್ಚುವ ಮೂಲೆ ಒಂದೂ ಇಲ್ಲ. ಮೇಲೆ ಟಾಪ್ ಇಲ್ಲ, ಮಕ್ಕಳ ಕೈ ಸಲೀಸಾಗಿ ಒಳಗೆ ಹೋಗಬೇಕಲ್ಲ. ಬಾಯಿಗೆ ಹಾಕಿಕೊಳ್ಳಲಾಗದಷ್ಟು ದೊಡ್ಡ ಮರದ ಗೊಂಬೆಗಳು ಹತ್ತು. ಗೊಂಬೆ ನಿಲ್ಲಿಸಲು ಮುಂದೆ ಡ್ರೈವರಿಗೆ ಒಂದು ತೂತು, ಹಿಂದೆ ಪ್ಯಾಸೆಂಜರಿಗೆ ಮೂರು ತೂತು. ಮೂರು ಜನರನ್ನು ಕೂರಿಸು, ಎಣಿಸು, ತಳ್ಳು. ಇಳಿಸು, ಇನ್ನು ಮೂರು ಜನ. ಮೂರು ಟ್ರಿಪ್ಪಿಗೆ ಒಂಬತ್ತು ಪ್ಯಾಸೆಂಜರ್ ಖಾಲಿ! ಎಣಿಕೆಯೂ ಬಂತು, ಟ್ರಾಫಿಕ್ ಶಿಸ್ತೂ ಬಂತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಕಂಪ್ಲಿಯಲ್ಲಿ ಮೌನೇಶಾಚಾರ್ರು ಅಂತ ಒಬ್ಬ ಬಡಗಿ ಇದ್ದಾರೆ. ಬಾಗಿಲು, ಚೌಕಟ್ಟು, ಎತ್ತಿನ ನೊಗ ಎಲ್ಲ ಮಾಡಿದ ಕೈ. ನಾನು ಕೊಟ್ಟ ಪ್ರಿಂಟ್‌ಔಟನ್ನು ಉದ್ದಕ್ಕೆ ಹಿಡಿದರು, ಅಡ್ಡಕ್ಕೆ ಹಿಡಿದರು, ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡಿದರು.

“ಸರ್, ಹಿಂದ ಮೂರೇ ತೂತೇನ್ರಿ?”

“ಹೌದ್ರೀ ಆಚಾರ್ರ, ಮೂರೇ.”

“ಡ್ರೈವರ್ ಬಾಜೂಕ ಯಾರೂ ಕುಂದ್ರಂಗಿಲ್ರಿ?”

“ಡ್ರಾಯಿಂಗಿನಾಗ ಏನೈತಿ ಅಷ್ಟು ಮಾಡ್ರಿ.”

“ಆತ್ರಿ,” ಅಂದು ಕಿವಿ ಮೇಲಿಂದ ಪೆನ್ಸಿಲ್ ತೆಗೆದು ಬೇವಿನ ಹಲಗೆಯ ಮೇಲೆ ಏನೋ ಗುರುತು ಮಾಡಿಕೊಂಡರು. ನಾನು ಗಮನ ಕೊಡಲಿಲ್ಲ. ಡ್ರಾಯಿಂಗ್ ಬರೆದವನು ಬಡಗಿಯ ಪೆನ್ಸಿಲ್ ಕಡೆ ಯಾಕೆ ನೋಡುತ್ತಾನೆ?

ಮೇಡಂ ಬರುವುದು ಗುರುವಾರ. ಬುಧವಾರ ಬೆಳಿಗ್ಗೆ ರಜೆ ಹಾಕಿ, ಆಟೋ ಹೊತ್ತುಕೊಂಡು ಅಂಗನವಾಡಿಗೆ ಹೋದೆ, ಟ್ರಯಲ್ ನೋಡಬೇಕಲ್ಲ. ಕರಿ-ಹಳದಿ ಬಣ್ಣ ಫಳಫಳ ಅನ್ನುತ್ತಿತ್ತು. ಮಕ್ಕಳು ಕಿರುಚಿ ಮುತ್ತಿಕೊಂಡವು. ಒಬ್ಬ ಡ್ರೈವರನ್ನು ನಿಲ್ಲಿಸಿದ. ಇನ್ನೊಬ್ಬಳು ಹಿಂದೆ ಮೂರು ಜನರನ್ನು ತೂರಿಸಿದಳು. ಒಂದು, ಎರಡು, ಮೂರು. ಶಾಂತಾ ನನ್ನ ಕಡೆ ನೋಡಿ ಕಣ್ಣರಳಿಸಿದಳು. ನಾನು ಕಾಲರ್ ಸರಿಮಾಡಿಕೊಂಡೆ.

ಆಮೇಲೆ ಎಲ್ಲರೂ ಕೈಕಟ್ಟಿ ಕೂತರು.

ಒಂದು ನಿಮಿಷ ಆಯಿತು, ಎರಡು ಆಯಿತು. ಯಾರೂ ತಳ್ಳಲಿಲ್ಲ. “ತಳ್ಳಿರಪ್ಪಾ, ಹೋಗ್ಲಿ ಆಟೋ,” ಅಂದೆ. ಪಿಳಿಪಿಳಿ ನೋಡಿದವು. ತಡೆಯಲಾರದೆ ನಾನೇ ಬಗ್ಗಿ ಒಂದು ಸಲ ತಳ್ಳಿದೆ. ಅಷ್ಟೇ! ಎರಡು ಜಡೆಯ ಚಂದ್ರಿ ಅನ್ನುವ ಹುಡುಗಿ ಎರಡೂ ಕೈಯಿಂದ ಆಟೋವನ್ನು ಗಪ್ಪನೆ ಹಿಡಿದುಕೊಂಡಳು.

“ಏ ಮಾಮಾ! ಇನ್ನಾ ತುಂಬಿಲ್ಲ!”

“ತುಂಬೇತಿ ನೋಡವ್ವಾ. ಮೂರು ಮಂದಿ. ಫುಲ್.”

ಚಂದ್ರಿ ನನ್ನನ್ನು ಕರುಣೆಯಿಂದ ನೋಡಿದಳು. ಆಮೇಲೆ ಡ್ರೈವರ್ ಗೊಂಬೆಯನ್ನು ಕಿತ್ತು, ನನ್ನ ಚಹಾದ ಲೋಟದ ಪಕ್ಕ ತಂದು ನಿಲ್ಲಿಸಿದಳು. “ಇವ ಚಾ ಕುಡ್ಯಾಕ ಹೋಗ್ಯಾನ. ಮಂದಿ ಬಂದ ಮ್ಯಾಲೆ ಬರ್ತಾನ.”

ಅಷ್ಟರಲ್ಲಿ ಹಿಂದಿನಿಂದ ಒಬ್ಬ ಶುರು ಮಾಡಿದ, “ಕಂಪ್ಲಿ ಕಂಪ್ಲಿ ಕಂಪ್ಲೀ!” ಇನ್ನೊಬ್ಬ, “ಬರ್ರಿ ಬರ್ರಿ, ಸೀಟ್ ಐತಿ!” ಎಲ್ಲಿದೆ ಸೀಟು? ತೂತು ಮೂರೇ! ಯಾರು ಕೇಳುತ್ತಾರೆ? ಒಂದು ಗೊಂಬೆ ಇನ್ನೊಂದರ ತೊಡೆಯ ಮೇಲೆ ಬಂತು. (ನನ್ನ ಡ್ರಾಯಿಂಗಿನಲ್ಲಿ ಗೊಂಬೆಗಳಿಗೆ ತೊಡೆಯೇ ಇಲ್ಲ.) ಎರಡು ಗೊಂಬೆ ಡ್ರೈವರಿನ ತೂತಿನ ಆಚೆ-ಈಚೆ ಸಿಕ್ಕಿಕೊಂಡವು. ಎರಡು, ಹಿಂದಿನ ಮೂವರ ಮೊಣಕಾಲಿಗೆ ಅಡ್ಡಲಾಗಿ. ಪ್ರತಿಯೊಂದು ಒಳಗೆ ಹೋದಾಗಲೂ ಹದಿಮೂರು ಗಂಟಲು ಒಟ್ಟಿಗೆ ಎಣಿಸುತ್ತಿದ್ದವು. ನಾಲ್ಕು! ಐದು! ಆರು! ಏಳು! ಎಂಟು!

ಕೊನೆಗೆ ಒಂದು ಉಳಿಯಿತು. ಆಚಾರ್ರು ಬಣ್ಣ ಹಚ್ಚುವಾಗ ಅದರ ತಲೆಯ ಮೇಲೆ ಬಿಳಿ ಬಣ್ಣ ಸುರಿದಿತ್ತು. ಹಾಗಾಗಿ ಅದು ಅಜ್ಜಿ ಅಂತ ತೀರ್ಮಾನವಾಯಿತು. ಇನ್ನು ಒಂದು ಇಂಚು ಜಾಗವಿಲ್ಲ. “ಅಜ್ಜಿ ಮುಂದಿನ ಆಟೋಕ್ಕ ಬರ್ಲಿ,” ಅಂದೆ ನಾನು, ನನ್ನ ಮೂರು ಟ್ರಿಪ್ಪಿನ ಲೆಕ್ಕ ಉಳಿಸಿಕೊಳ್ಳಲು.

ಒಂದು ಪುಟ್ಟ ತುಟಿ ನಡುಗತೊಡಗಿತು. “ಅಜ್ಜೀನ್ನ ಬಿಟ್ಟು ಹೋಗ್ತಾರೇನು?” ಅಂತ ಚಂದ್ರಿ ಕೇಳಿದ ರೀತಿಗೆ, ನಿಜ ಹೇಳುತ್ತೇನೆ, ನನಗೆ ನಾಚಿಕೆಯಾಯಿತು.

ಆಮೇಲೆ ಅವಳೇ ಉಪಾಯ ಮಾಡಿದಳು. ಅಜ್ಜಿಯನ್ನು ಡ್ರೈವರಿನ ತೂತಿನಲ್ಲಿ ಕೂರಿಸಿದಳು. “ಮತ್ತ ಡ್ರೈವರ್ ಎಲ್ಲಿ ಕುಂದ್ರಬೇಕು?” ಅಂದೆ. ಚಹಾ ಮುಗಿಸಿದ ಡ್ರೈವರನ್ನು ತಂದು ಅಂಚಿಗೆ ಒರಗಿಸಿದಳು, ಅರ್ಧ ಒಳಗೆ, ಅರ್ಧ ಹೊರಗೆ. “ಅವ ಹಿಂಗ ಕುಂದ್ರತಾನ.” ಯೋಚಿಸಿ ನೋಡಿ, ನಮ್ಮ ಕಡೆಯ ಶೇರ್ ಆಟೋ ಡ್ರೈವರ್ ಸೀಟಿನ ಮೇಲೆ ಪೂರ್ತಿ ಕೂತದ್ದನ್ನು ನೀವು ಯಾವತ್ತಾದರೂ ಕಂಡಿದ್ದೀರಾ? “ಹತ್ತು! ರೈಟ್ ರೈಟ್!” ಅಂತ ಕೂಗಿ ಹದಿಮೂರೂ ಸೇರಿ ತಳ್ಳಿದವು. ಆಟೋ ಓಡಿತು. ಎರಡು ಗೊಂಬೆ ಉರುಳಿದವು, ಎತ್ತಿ ಮತ್ತೆ ಹತ್ತಿಸಿಕೊಂಡರು. ಶಾಂತಾ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಾನು ನಕ್ಕು ನಕ್ಕು ಗೋಡೆ ಹಿಡಿದುಕೊಂಡೆ.

ನಗು ನಿಂತ ಮೇಲೆ ಭಯ ಬಂತು. ನಾಳೆ ಮೇಡಂ ಎದುರು ಇದೇ ಆದರೆ? ‘ಆಟೋದಲ್ಲಿ ಹತ್ತು ಜನ ತುಂಬುವುದು ಕಲಿಸ್ತೀರಾ’ ಅಂದರೆ? ‘ಕರಡಿ ಟೀಚರ್’ ಹೋಗಿ ‘ಓವರ್‌ಲೋಡ್ ಟೀಚರ್’ ಆಗುತ್ತಾಳೆ. ಆಟೋಗೆ ‘ಮೂರು ಜನ ಮಾತ್ರ’ ಅಂತ ಬೋರ್ಡ್ ಬರೆಯುತ್ತೇನೆ ಅಂದೆ.

“ಓದಾಕ ಬರ್ತೈತೇನು ಅವಕ್ಕ?” ಅಂದಳು ಶಾಂತಾ. “ಅಣ್ಣಾ, ಈ ಹುಡುಗ್ರು ಮೂರು ತಿಂಗಳಿಂದ ಐದರ ಮ್ಯಾಲೆ ಎಣಿಸಿದ್ದಿಲ್ಲ. ಇವತ್ತು ಹತ್ತಕ್ಕ ಹೋಗ್ಯಾರ. ನೀ ಬೋರ್ಡ್ ಬರಿಬ್ಯಾಡ, ತೂತು ಹೊಡಸ್ಕೊಂಡು ಬಾ.”

ಮಧ್ಯಾಹ್ನ ಮತ್ತೆ ಆಚಾರ್ರ ಮುಂದೆ ನಿಂತೆ. ಇನ್ನೂ ಆರು ತೂತು ಬೇಕಿತ್ತು ಅಂತ ತಲೆ ಕೆರೆದುಕೊಂಡೆ. ಅವರು ಆಟೋವನ್ನು ತಲೆಕೆಳಗು ಮಾಡಿ ತೋರಿಸಿದರು. ಹಲಗೆಯ ಕೆಳಗೆ ಪೆನ್ಸಿಲ್ಲಿನಲ್ಲಿ ಆರು ದುಂಡನೆಯ ಗುರುತು! ಡ್ರೈವರಿನ ಅಕ್ಕಪಕ್ಕ ಎರಡು, ಹಿಂದೆ ಎದುರು-ಬದುರು ಕೂರಲು ಮೂರು, ತೀರಾ ಅಂಚಿನಲ್ಲಿ ನೇತಾಡುವವನಿಗೆ ಒಂದು.

“ಆವತ್ತೇ ಹಾಕಿಟ್ಟಿದ್ದೆ ಸರ್. ನೀವು ಬರ್ತೀರಿ ಅಂತ ಗೊತ್ತಿತ್ತು. ಕುಂದ್ರಿ, ಜಲ್ದಿ ಹೊಡದು ಕೊಡ್ತೀನಿ.”

ಇಪ್ಪತ್ತೆರಡು ವರ್ಷದ ನನ್ನ ಸರ್ವೀಸು ಆ ಮರದ ಹೊಟ್ಟಿನ ಮೇಲೆ ಸದ್ದಿಲ್ಲದೆ ಬಿತ್ತು. ನಾನು ಕುಳಿತೆ. ನಾನು ದಿನಾ ಶೆಡ್ಡಿಗೆ ಹೋಗುವುದು ಹೇಗೆ? ಶೇರ್ ಆಟೋದಲ್ಲಿ. ಕೂರುವುದು ಎಲ್ಲಿ? ಡ್ರೈವರಿನ ಎಡಗಡೆ, ಒಂದು ಕಾಲು ಹೊರಗೆ. ಹಾಗಿರುವ ನಾನು ಕಂಪ್ಯೂಟರ್ ಮುಂದೆ ಕೂತ ಕೂಡಲೇ ಮೂರು ಸೀಟಿನ ಆಟೋ ಬರೆದೆನಲ್ಲ, ಅದು ಯಾವ ಊರಿನ ಆಟೋ? (ಆರ್‌ಟಿಒ ಸಾಹೇಬರು ಈ ಅಂಕಣ ಓದುತ್ತಿದ್ದರೆ ದಯವಿಟ್ಟು ಗಮನಿಸಿ. ನಾನು ಹೇಳುತ್ತಿರುವುದು ಮರದ ಆಟೋ ವಿಷಯ.)

ನಮ್ಮ ಕಡೆ ‘ಫುಲ್’ ಅನ್ನುವುದು ಒಂದು ಸಂಖ್ಯೆಯೇ ಅಲ್ಲ. ಮದುವೆ ಊಟದ ಪಂಕ್ತಿ ಫುಲ್ ಆಗಿರುತ್ತದೆ, ‘ಸ್ವಲ್ಪ ಸರೀರಿ’ ಅಂದರೆ ಇನ್ನಿಬ್ಬರು ಕೂರುತ್ತಾರೆ. ಆಸ್ಪತ್ರೆಯ ಬೆಂಚು ಫುಲ್, ಬಾಣಂತಿ ಬಂದರೆ ಜಾಗ ಹುಟ್ಟುತ್ತದೆ. ಹಬ್ಬಕ್ಕೆ ನಮ್ಮ ಎರಡು ರೂಮಿನ ಮನೆಯಲ್ಲಿ ಹದಿನೇಳು ಜನ ಮಲಗಿದ್ದುಂಟು. ಇದೆಲ್ಲ ತಪ್ಪೋ ಸರಿಯೋ ದೊಡ್ಡವರು ಜಗಳ ಮಾಡಿಕೊಳ್ಳಲಿ. ನಾಲ್ಕು ವರ್ಷದ ಮಗು ಕಂಡದ್ದನ್ನು ಆಡುತ್ತದೆ, ಅಷ್ಟೇ.

ಗುರುವಾರ ಮೇಡಂ ಬಂದರು. ಹೋದ ವರ್ಷದವರೇ. ಬಾಗಿಲಲ್ಲೇ ನಿಂತು, “ಈ ಸಲ ಹುಡುಗ್ರು ಓಡಿಹೋಗೋದು ಏನೂ ಇಲ್ಲ ಅಲ್ವಾ?” ಅಂದರು. ಶಾಂತಾಳ ಮುಖ ಸಣ್ಣದಾಯಿತು. ನಾನು ಹಿಂದಿನ ಮೂಲೆಯಲ್ಲಿ ಅಕ್ಕಿ ಡಬ್ಬದ ಪಕ್ಕ ನಿಂತಿದ್ದೆ.

ಆಟೋ ಬಂತು. ಕಂಪ್ಲಿ ಕಂಪ್ಲಿ ಆಯಿತು. ಚಹಾ ಆಯಿತು. ಎಣಿಕೆ ಹತ್ತು ಮುಟ್ಟಿತು. ಗೋಡೆವರೆಗೆ ಹೋಗಿ ಎಲ್ಲ ಗೊಂಬೆ ಇಳಿದದ್ದೂ ಆಯಿತು. ಮೇಡಂ ನಗಲಿಲ್ಲ. ಕನ್ನಡಕ ಒರೆಸಿಕೊಂಡು, “ಶಾಂತಾ ಅವರೇ, ಆಟೋದಲ್ಲಿ ಮೂರು ಜನ ಕೂರಬೇಕು ಅಂತ ಮಕ್ಕಳಿಗೆ ಹೇಳಬೇಕಾದವರು ನಾವೇ ಅಲ್ವಾ?” ಅಂದರು.

ಶಾಂತಾ ನನ್ನ ಕಡೆ ನೋಡಿದಳು. ನಾನು ಅಕ್ಕಿ ಡಬ್ಬದ ಕಡೆ ನೋಡಿದೆ. ಚಂದ್ರಿ ಮಾತ್ರ ಒಂದು ಗೊಂಬೆ ಹಿಡಿದು ಎದ್ದು ಬಂದಳು.

“ಮೇಡಂ, ನೀವು ಎಲ್ಲಿ ಕುಂತಿದ್ರಿ?”

“ಎಲ್ಲಿ ಅಂದ್ರೆ?”

“ಆಟೋದಾಗ. ನೀವು ಇಳಿಯಾದು ನಾ ನೋಡೀನಿ.”

ಮೇಡಂ ಗೊಂಬೆಯನ್ನು ನೋಡಿದರು, ಆಟೋವನ್ನು ನೋಡಿದರು. ಆಮೇಲೆ ಮೆಲ್ಲನೆ ನೆಲದ ಮೇಲೆ ಕೂತು, ಚಂದ್ರಿಯ ಕೈಯಿಂದ ಗೊಂಬೆ ಇಸಿದುಕೊಂಡು, ಡ್ರೈವರಿನ ಬಲಗಡೆಯ ತೂತಿನಲ್ಲಿ ನಿಲ್ಲಿಸಿದರು. “ಇಲ್ಲಿ,” ಅಂದರು. “ಬ್ಯಾಗ್ ತೊಡಿ ಮ್ಯಾಲೆ ಇತ್ತು. ನನ್ನ ಹಿಂದ ಒಬ್ರು ಕೋಳಿ ಹಿಡ್ಕೊಂಡು ಕುಂತಿದ್ರು.” ಅಷ್ಟು ಹೊತ್ತು ಪುಸ್ತಕದ ಹಾಗೆ ಮಾತಾಡುತ್ತಿದ್ದವರ ಭಾಷೆ ಇಳಿದೇ ಹೋಯಿತು. ನಗಲು ಶುರು ಮಾಡಿದವರಿಗೆ ಶಾಂತಾ ನೀರು ತಂದುಕೊಡಬೇಕಾಯಿತು. “ಕೋಳಿ ಎಲ್ಲಿ? ಕೋಳಿ ಎಲ್ಲಿ?” ಅಂತ ಮಕ್ಕಳು ಹುಡುಕತೊಡಗಿದವು. (ಆಚಾರ್ರು ಈಗ ಕೋಳಿ ಕೆತ್ತುತ್ತಿದ್ದಾರೆ.)

ಆಟೋ ಮೇಳಕ್ಕೆ ಆಯ್ಕೆಯಾಯಿತು! ಶಾಂತಾ ಅಲ್ಲೇ ಕೂತು ಫಾರಂ ತುಂಬಿದಳು. ‘ಈ ಆಟಿಕೆಯಿಂದ ಮಕ್ಕಳು ಕಲಿಯುವುದೇನು?’ ಅನ್ನುವ ಕಡೆ ‘ಹತ್ತರವರೆಗೆ ಎಣಿಕೆ’ ಅಂತ ಬರೆದು, ಸ್ವಲ್ಪ ಹೊತ್ತು ಪೆನ್ನು ಕಚ್ಚಿ, ‘ಯಾರನ್ನೂ ಬಿಟ್ಟು ಹೋಗದಿರುವುದು’ ಅಂತ ಸೇರಿಸಿದಳು. ಮೇಡಂ ಸಹಿ ಹಾಕಿದರು.

ಅದರ ಕೆಳಗೆ ‘ವಿನ್ಯಾಸ ಮಾಡಿದವರು’ ಅಂತ ಒಂದು ಸಣ್ಣ ಚೌಕ. ನಾನು ಕತ್ತು ಚಾಚಿ ನೋಡಿದೆ. ಮೊದಲು ಚಂದ್ರಿ. ಆಮೇಲೆ ಉಳಿದ ಹನ್ನೆರಡು ಮಕ್ಕಳು, ಒಬ್ಬೊಬ್ಬರ ಹೆಸರೂ. ಆಮೇಲೆ ಮೌನೇಶಾಚಾರ್ರು. ಚೌಕ ಭರ್ತಿ.

“ಮತ್ತ ನಾನು?”

“ಅಯ್ಯ, ಸ್ವಲ್ಪ ಅಡ್ಜಸ್ಟ್ ಮಾಡ್ಕೋ ಅಣ್ಣಾ,” ಅಂದು ಬಲ ಅಂಚಿನಲ್ಲಿ ಇರುಕಿಸಿ ನನ್ನ ಹೆಸರನ್ನೂ ಬರೆದಳು. ಕೊನೆಯ ಎರಡಕ್ಷರ ಗೆರೆಯ ಹೊರಗೆ ನೇತಾಡುತ್ತಿವೆ.

ಇರಲಿ ಬಿಡಿ. ಬಿಟ್ಟು ಹೋಗಲಿಲ್ಲವಲ್ಲ?