ಡಬಲ್ ಬ್ರೇಕಿನ ಕಾರ್ಡು

ಲಿಫ್ಟ್ ರಿಪೇರಿ ಮಾಡುವ ಅವನಿಗೆ ಜೊತೆಯವರು ಇಟ್ಟಿದ್ದ ಹೆಸರು ಡಬಲ್ ಬ್ರೇಕ್. ಒಂದು ಬ್ರೇಕು ಕೈಕೊಟ್ಟರೆ ಹಿಡಿಯಲು ಇನ್ನೊಂದು ಇರಲೇಬೇಕು ಎನ್ನುವುದು ಕಸುಬು ಕಲಿಸಿದ ಪಾಠ. ಆ ಪಾಠವನ್ನು ಕಸುಬಿನಲ್ಲೇ ಬಿಟ್ಟು ಮನೆಗೆ ಬರುತ್ತಿದ್ದರೆ ಹೆಂಡತಿ ಹಾಯಾಗಿರುತ್ತಿದ್ದಳೇನೋ. ಅವನ ಪ್ಯಾಂಟಿಗೆ ಬೆಲ್ಟೂ ಬೇಕು, ಒಳಗೊಂದು ಲಾಡಿಯೂ ಬೇಕು. ಬಾಗಿಲಿಗೆ ಬೀಗ ಹಾಕಿ ಬೀದಿಯ ತುದಿಗೆ ಹೋದವನು ವಾಪಸು ಬಂದು ಜಗ್ಗಿ ನೋಡಬೇಕು. ಮನೆಯ ಮುಂಕೋಣೆಯಲ್ಲಿ ಬಟ್ಟೆ ಹೊಲಿಯುವ ಹೆಂಡತಿ ಆ ಲಾಡಿಯನ್ನೂ ತಾನೇ ಹೊಲಿದು ಕೊಟ್ಟು, "ನಿಮ್ಮನ್ನ ಕಟ್ಕೊಂಡಿದ್ದಕ್ಕೆ ಇದೊಂದು ಬಾಕಿ ಇತ್ತು" ಎಂದಿದ್ದಳು.

ಆನ್‌ಲೈನಿನಲ್ಲಿ ಸಾಮಾನು ತರಿಸಲು ಕಾರ್ಡು ಮಾಡಿಸಹೊರಟಾಗ ಅವನು ಬ್ಯಾಂಕಿನ ಹುಡುಗಿಯ ತಲೆ ತಿಂದುಬಿಟ್ಟ.

"ಉಳಿತಾಯದ ದುಡ್ಡಿಗೆ ನೇರವಾಗಿ ಕೈ ಹಾಕೋ ಕಾರ್ಡ್ ಬೇಡಮ್ಮ. ಕಳ್ಳ ನುಗ್ಗಿದ್ರೆ ಗುಡಿಸಿ ಗುಂಡಾಂತರ ಮಾಡ್ತಾನೆ."

"ಹಾಗಾದ್ರೆ ಕ್ರೆಡಿಟ್ ಕಾರ್ಡ್ ತಗೊಳ್ಳಿ ಸರ್. ಮಿತಿ ಕಮ್ಮಿ ಇಡೋಣ. ಬೇಡದಾಗ ಫೋನಲ್ಲೇ ಆಫ್ ಮಾಡಿಡಿ. ನಿಮ್ಮದಲ್ಲದ ಖರ್ಚು ಕಂಡ್ರೆ ತಕ್ಷಣ ತಿಳಿಸಿ, ವಿಚಾರಿಸ್ತೀವಿ. ಓಟಿಪಿ ಯಾವ ನಂಬರಿಗೆ ಬರಬೇಕು?"

ಅವನು ಯೋಚನೆಗೆ ಬಿದ್ದ. ತನ್ನ ಫೋನು ಲಿಫ್ಟಿನ ಗುಂಡಿಗೆ ಬಿದ್ದರೆ? ಯಾರೋ ನಯವಾಗಿ ಮಾತಾಡಿ ತನ್ನಿಂದಲೇ ಓಟಿಪಿ ಕಿತ್ತುಕೊಂಡರೆ?

"ನನ್ನ ಹೆಂಡತಿ ನಂಬರ್ ಹಾಕಮ್ಮ. ಅವಳ ಬಾಯಿ ಬಿಡಿಸೋದು ಮದುವೆ ಆದಾಗಿಂದ ನನ್ನ ಕೈಲೇ ಆಗಿಲ್ಲ. ಕಳ್ಳನ ಕೈಲಿ ಏನಾಗುತ್ತೆ!"

ಹುಡುಗಿ ಬಿದ್ದು ಬಿದ್ದು ನಕ್ಕಳು. ಆದರೆ ಅವನು ಹೇಳಿದ್ದು ತಮಾಷೆಯ ಮಾತಾಗಿರಲಿಲ್ಲ.

ಹೆಂಡತಿಯ ಬೆರಳ ಗಿಣ್ಣುಗಳು ಊದಿಕೊಳ್ಳುತ್ತಿರುವುದನ್ನು ಅವನು ಆಗಲೇ ಗಮನಿಸಿದ್ದ. ತನ್ನ ಹಳೆಯ ಕಬ್ಬಿಣದ ಕತ್ತರಿಯನ್ನು ಅವಳು ಎರಡೂ ಕೈಯಿಂದ ಅದುಮುತ್ತಿದ್ದಳು, ಅವನು ಒಳಗೆ ಬಂದರೆ ಕೈಗಳನ್ನು ಬಟ್ಟೆಯ ಕೆಳಗೆ ಸರಿಸುತ್ತಿದ್ದಳು. ಕೇಳಿದರೆ, "ಏನೂ ಇಲ್ಲ, ಕತ್ತರಿ ಮೊಂಡಾಗಿದೆ." ಸರಿ, ಸಾಣೆ ಹಿಡಿಸಿ ತಂದ. ಮತ್ತೆ ಎರಡೂ ಕೈ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಜಪ್ಪಯ್ಯ ಅಂದರೂ ಏಳಳು. ನೋವು ಎಂದು ಒಪ್ಪಿಕೊಂಡ ದಿನವೇ ಎಲ್ಲರೂ ಸೇರಿ ತನ್ನಿಂದ ಹೊಲಿಗೆ ಬಿಡಿಸುತ್ತಾರೆ ಎನ್ನುವುದು ಅವಳ ಭಯ. ಹೀಗೇ ಮುಚ್ಚಿಡುತ್ತ ಹೋದರೆ ಹೊಲಿಗೆ ತಾನಾಗಿಯೇ ಬಿಟ್ಟುಹೋಗುತ್ತದೆ ಎನ್ನುವುದು ಅವನ ಭಯ.

ಅದುಮಿದ ಮೇಲೆ ತಾನಾಗಿಯೇ ತೆರೆದುಕೊಳ್ಳುವ ಸ್ಪ್ರಿಂಗ್ ಕತ್ತರಿ ಅವನ ಕಣ್ಣಿಗೆ ಬಿದ್ದದ್ದು ಫೋನಿನಲ್ಲಿ. ಊರಿನ ಅಂಗಡಿಗಳಲ್ಲಿ ಅದು ಇರಲಿಲ್ಲ. ಹೇಳಿದರೆ ಬೇಡ ಎನ್ನುತ್ತಾಳೆ, ಬಂದು ಕೈಸೇರಿದರೆ ಹೇಗೂ ಹಿಡಿಯುತ್ತಾಳೆ ಎಂದು ಲೆಕ್ಕ ಹಾಕಿ, ಭಾನುವಾರ ಮಧ್ಯಾಹ್ನ ಕಾರ್ಡನ್ನು ಆನ್ ಮಾಡಿದ. ಅಡುಗೆಮನೆಯಲ್ಲಿ ಕೂತು ಕಾರ್ಡಿನ ವಿವರ ಎಲ್ಲ ತುಂಬಿಸಿ ಕೂಗಿದ: "ಒಂದು ಸ್ಪ್ಯಾನರ್ ತರಿಸ್ತಿದ್ದೀನಿ ಕಣೆ, ಓಟಿಪಿ ಹೇಳು!"

ಪ್ರತಿಯೊಂದನ್ನೂ ಎರಡೆರಡು ಸಲ ನೋಡುವ ಮಹಾಶಯ ಒಂದನ್ನು ನೋಡಿರಲಿಲ್ಲ. ಓಟಿಪಿಯ ಜೊತೆ ಅಂಗಡಿಯ ಹೆಸರೂ ಬರುತ್ತದೆ. ಹೊಲಿಗೆ ಸಾಮಾನಿನ ಅಂಗಡಿ ಎಂದು ಅದರ ಹೆಸರಿನಲ್ಲೇ ಇತ್ತು.

ಮುಂಕೋಣೆಯಲ್ಲಿ ಹೊಲಿಗೆ ಮಷೀನು ನಿಂತಿತು. ಅವನು ಕಾದ. ಕೊನೆಗೆ ಅವನ ಫೋನಿನಲ್ಲಿ ಸಮಯ ಮುಗಿದಿದೆ ಎಂದು ಬಂತು. ಅಂಗಡಿಯ ಹೆಸರು ಅವಳಿಗೆ ಹೋಗಿರಬೇಕೆಂದು ಆಗ ಹೊಳೆಯಿತು.

ಇಂಗು ತಿಂದ ಮಂಗನಂತೆ ಮುಖ ಮಾಡಿಕೊಂಡು ಮುಂಕೋಣೆಯ ಬಾಗಿಲಿಗೆ ಬಂದು ನಿಂತ. ಅವಳು ಫೋನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಕಟ್ಟಿಕೊಂಡು ಬಂದ ಸುಳ್ಳೊಂದೂ ಬಾಯಿಗೆ ಬರಲಿಲ್ಲ.

"ನಿನ್ನ ಕೈ ನೋಡೋಕಾಗ್ತಿಲ್ಲ ಕಣೆ," ಎಂದ. "ಹೊಲಿಗೆ ಬಿಡು ಅಂತ ನಾನು ಯಾವತ್ತೂ ಹೇಳಲ್ಲ. ನೀನು ಬಿಡಬಾರದು ಅಂತಾನೇ ಇದು."

ಅವಳು ಪಕ್ಕದ ಸ್ಟೂಲಿನ ಮೇಲಿದ್ದ ಬಟ್ಟೆ ಸರಿಸಿ ಅವನಿಗೆ ಜಾಗ ಮಾಡಿದಳು.

"ಎಲ್ಲಿ, ತೋರಿಸಿ ನಿಮ್ಮ ಸ್ಪ್ಯಾನರು."

ಚಿತ್ರವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

"ಇದರ ಹಿಡಿ ಸಣ್ಣದು ರೀ," ಎಂದಳು ಮೆಲ್ಲಗೆ. "ನನ್ನ ಬೆರಳು ಇದರೊಳಗೆ ಹೋಗಲ್ಲ. ಬೆಳಗ್ಗೆ ಹೊತ್ತು ಮಡಚೋಕೂ ಆಗಲ್ಲ. ದೊಡ್ಡ ಹಿಡೀದು ನೋಡಿ."

ಅವನು ದೊಡ್ಡ ಹಿಡಿಯ ಕತ್ತರಿಯನ್ನು ಹುಡುಕಿ ಆರಿಸಿದ. ಅವಳ ಫೋನು ಮತ್ತೆ ಸದ್ದು ಮಾಡಿತು. ಅವಳು ಒಂದೊಂದೇ ಅಂಕಿ ಬಿಡಿಸಿ ಹೇಳಿ, "ಇನ್ನೊಂದ್ಸಲ ಹೇಳ್ಲಾ?" ಎಂದು ಕೇಳಿದಳು.

ಬೇಡವೆಂದು ತಲೆಯಾಡಿಸಿದ. ಅಂಕಿಗಳನ್ನು ಒಂದೇ ಕೈಯಲ್ಲಿ ಒತ್ತುತ್ತಿದ್ದ. ಇನ್ನೊಂದು ಕೈಯಲ್ಲಿ ಅವಳ ಊದಿದ ಬೆರಳುಗಳಿದ್ದವು. ಅವಳು ಅವನ್ನು ಎಳೆದುಕೊಳ್ಳಲಿಲ್ಲ.