ಗಟ್ಟಿಮೇಳಕ್ಕೆ ಹೂಪ್ ಎಸೆದವಳು

ಬೆಳಗಿನ ಐದೂವರೆ. ಸಿದ್ದಾಪುರದ ಕಲ್ಯಾಣ ಮಂಟಪವೊಂದರಲ್ಲಿ ನಿನ್ನೆಯ ಮದುವೆಯ ಹೂವು, ಅಕ್ಷತೆ ಇನ್ನೂ ನೆಲದ ಮೇಲಿವೆ. ತನುಜಾ ನಾಯ್ಕ ಒಂದು ತುದಿಯಿಂದ, ತಾಯಿ ವೆಂಕಮ್ಮ ಇನ್ನೊಂದು ತುದಿಯಿಂದ ಗುಡಿಸುತ್ತ ಬರುತ್ತಾರೆ. ಒರೆಸಿದ ನೆಲ ಆರಿದ ಮೇಲೆ ತನುಜಾ ಒಂದು ಕಾಲನ್ನು ಕಿವಿಯ ಪಕ್ಕಕ್ಕೆ ಎತ್ತಿ ನಿಲ್ಲುತ್ತಾಳೆ. ಅದೇ ಹೊತ್ತಿಗೆ ಒಳಬಂದ ಹೊಸ ಹಾಲಿನವನು ಕ್ಯಾನ್ ಹಿಡಿದು ಬಾಗಿಲಲ್ಲೇ ಕಲ್ಲಾಗುತ್ತಾನೆ.

"ಹೆದರಬೇಡ ಮಾರಾಯ, ಅದಕ್ಕೆ ಎಂತದೂ ಆಗ್ಲಿಲ್ಲ. ದಿನಾ ಹಾಂಗೇ ಮಾಡ್ತದೆ," ಎನ್ನುತ್ತಾರೆ ವೆಂಕಮ್ಮ.

ಇಪ್ಪತ್ತೆರಡರ ತನುಜಾ ರಿದಮಿಕ್ ಜಿಮ್ನಾಸ್ಟ್. ಸಂಗೀತಕ್ಕೆ ತಕ್ಕಂತೆ ಬಳುಕುತ್ತ ರಿಬ್ಬನ್, ಚೆಂಡು, ಹೂಪ್ ಎಂಬ ದೊಡ್ಡ ಬಳೆಯನ್ನು ಎಸೆದು ಹಿಡಿಯುವ ಆಟ ಅದು. ಭಾರತದ ಪರವಾಗಿ ಎರಡು ಸಲ ಹೊರದೇಶದಲ್ಲಿ ಆಡಿ ಬಂದಿದ್ದಾಳೆ. ಊರವರಿಗೆ ಮಾತ್ರ ಅವಳು ಮಂಟಪ ಗುಡಿಸುವ ವೆಂಕಮ್ಮನ ಮಗಳು.

ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕರಾಗಿದ್ದ ರವೀಂದ್ರ ಮಾಸ್ತರರು ಮೊಬೈಲಿನಲ್ಲಿ ವಿಡಿಯೋ ನೋಡಿ ತಾವೂ ಕಲಿತು ಅವಳಿಗೂ ಕಲಿಸಿದರು. "ಮಾಸ್ತರ್ರು ಒಂದ್ಸಲ ಮಾಡಿ ತೋರಿಸ್ಲಿಕ್ಕೆ ಹೋಗಿ ಸೊಂಟ ಹಿಡ್ಕಂಡ್ತು. ಆಮೇಲೆ ಎಲ್ಲಾ ಬಾಯಲ್ಲೇ," ಎನ್ನುತ್ತಾಳೆ ಶಿಷ್ಯೆ. ಅಭ್ಯಾಸ ಮಂಟಪದಲ್ಲೇ, ಮದುವೆಯಿರುವ ದಿನ ಅಡುಗೆಮನೆಯ ಹಿಂದೆ. ಒಮ್ಮೆ ಚೆಂಡು ಸಾರಿನ ಕೊಪ್ಪರಿಗೆಗೆ ಬಿದ್ದು, ಅಡುಗೆಭಟ್ಟರು ಸೌಟು ಹಿಡಿದು ಗೇಟಿನ ತನಕ ಅಟ್ಟಿಸಿಕೊಂಡು ಬಂದದ್ದೂ ಉಂಟು.

ಹೋದ ವರ್ಷ ತಾಷ್ಕೆಂಟಿನಲ್ಲಿ ಮೊದಲ ಅಂತರರಾಷ್ಟ್ರೀಯ ಸ್ಪರ್ಧೆ. ಅವಳ ಪಿಯಾನೋ ಸಂಗೀತವನ್ನು ಪೆನ್‌ಡ್ರೈವಿಗೆ ಹಾಕಿಕೊಟ್ಟವನು ಮಂಟಪದ ಸೌಂಡ್ ಸಿಸ್ಟಮ್ಮಿನ ಉಲ್ಲಾಸ. ಹೆಸರು ಕೂಗಿದರು. ತನುಜಾ ಹೂಪ್ ಹಿಡಿದು ತಲೆ ಬಗ್ಗಿಸಿ ಕೂತಳು. ಕೇಳಿಸಿದ್ದು ಪಿಯಾನೋ ಅಲ್ಲ, ಮುಹೂರ್ತದ ಗಟ್ಟಿಮೇಳ! ತಪ್ಪು ತಮ್ಮ ಕಡೆಯದೇ, ಹಾಗಾಗಿ ಇನ್ನೊಂದು ಅವಕಾಶವಿಲ್ಲ.

"ಕೈ ತನ್ನಷ್ಟಕ್ಕೇ ಅಕ್ಷತೆ ಹುಡುಕ್ತು. ಹೂಪ್ ಸಿಕ್ತು, ಅದನ್ನೇ ಎಸ್ದೆ."

ಹುಟ್ಟಿದಾಗಿನಿಂದ ಕೇಳಿದ ಡೋಲು. ಕಾಲು ಅದರ ಹಿಂದೆಯೇ ಓಡಿತು. ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ತೀರ್ಪುಗಾರರು ಕೂತಲ್ಲೇ ಕೂತಿದ್ದರು. ಬಂದ ಸ್ಥಾನ ಕೊನೆಯಿಂದ ಮೂರನೆಯದು.

ಊರಿಗೆ ಬಂದರೆ ಉಲ್ಲಾಸ ಬನವಾಸಿಯ ಅಕ್ಕನ ಮನೆ ಸೇರಿಬಿಟ್ಟಿದ್ದ. ತನುಜಾಳೇ ಬಸ್ಸು ಹತ್ತಿ ಹೋಗಿ ಅವನನ್ನು ಹಿಡಿದಳು. "ಬೈಲಿಕ್ಕೆ ಬಂದದ್ದಲ್ಲ ಮಾರಾಯ, ಅದೇ ಗಟ್ಟಿಮೇಳ ಚೊಲೋ ಮಾಡಿ ಕತ್ತರಿಸಿ ಕೊಡು" ಎಂದಳು. "ಅದು ಆಟ ತನುಜಾ, ಮದುವೆ ಅಲ್ಲ," ಎಂದು ಮಾಸ್ತರರು ಎರಡು ದಿನ ಮಾತು ಬಿಟ್ಟರು. ಈ ಸಲ ಭಾರತ ತಂಡಕ್ಕೆ ಆಯ್ಕೆ ತಪ್ಪಿದರೆ ಆಟ ಬಿಡುವುದೆಂದು ಅವಳು ಆಗಲೇ ತೀರ್ಮಾನಿಸಿದ್ದಳು. ಬಿಟ್ಟರೂ ತನ್ನ ತಾಳಕ್ಕೇ ಆಡಿ ಬಿಡುವುದು ಎಂದು ಹಟ ಹಿಡಿದಳು. ಆಯ್ಕೆಯಾಯಿತು. ಈ ವರ್ಷ ಅಲ್ಮಾಟಿಯಲ್ಲಿ ಹೂಪ್ ವಿಭಾಗದ ಫೈನಲ್ ತಲುಪಿದಳು. ಎಂಟು ಜನರಲ್ಲಿ ಎಂಟನೆಯವಳು.

ವಾಪಸು ಬಂದ ದಿನ ಬಸ್‌ಸ್ಟ್ಯಾಂಡಿನಲ್ಲಿ ನೆರೆಮನೆಯ ದುರ್ಗಮ್ಮ ಸಿಕ್ಕಿ, "ಎಷ್ಟನೇದೇ?" ಎಂದು ಕೇಳಿದರಂತೆ.

"ಎಂಟನೇದು."

"ಅಯ್ಯ, ಇಷ್ಟು ದೊಡ್ಡೋಳಾದ್ರೂ ಇನ್ನೂ ಎಂಟನೇ ಕ್ಲಾಸಲ್ಲೇ ಇದ್ಯನೇ!"

ಹೇಳುತ್ತ ತನುಜಾ ಬಿದ್ದು ಬಿದ್ದು ನಗುತ್ತಾಳೆ. ಅಷ್ಟರಲ್ಲಿ ಇವತ್ತಿನ ಮದುವೆಯ ಡೆಕೋರೇಶನ್ ಲಾರಿ ಬಂದು ನಿಲ್ಲುತ್ತದೆ. ಜಾಗ ಬಿಡುತ್ತ ಅವಳು ಹೇಳುತ್ತಾಳೆ: "ನನ್ನ ಮುಂದಿದ್ದ ಏಳೂ ಜನಕ್ಕೆ ಈ ಆಟಕ್ಕಂತಲೇ ಕಟ್ಟಿದ ಹಾಲ್ ಅದೆ. ನಾನು ಗಂಡಿನ ಕಡೆಯೋರು ಎದ್ದು ಹೋಗೋ ತನಕ ಕಾಯ್ಬೇಕು. ಹಾಂಗಿದ್ದೂ ಎಂಟು. ಕಮ್ಮಿಯನಾ, ನೀವೇ ಹೇಳಿ?"